ಕ್ಲುಥಾ ದಂಡೆಯ ಬಸವಣ್ಣ

ಮೌಂಟ್ ರಾಸ್ಕಿಲ್

ಆಕ್ಲೆಂಡಿನಲ್ಲಿ ಓದುತ್ತಿದ್ದಾಗ ಮೌಂಟ್ ರಾಸ್ಕಿಲ್ ಬಡಾವಣೆಯ ನನ್ನ ಬಾಡಿಗೆ ಕೋಣೆಗೂ ಮನೆಯೊಡತಿ, ಗುಳೇದಗುಡ್ಡದ ಶಾಂತಾ ಆಂಟಿಯ ದೇವರ ಜಗಲಿಗೂ ನಡುವೆ ಇದ್ದದ್ದು ಒಂದು ತೆಳು ಗೋಡೆ. ಆಂಟಿ ಆಸ್ಪತ್ರೆಯ ಬೆಳಗಿನ ಪಾಳಿಗೆ ಹೊರಡುವ ಮುನ್ನ ಪೂಜೆ ಮುಗಿಸುತ್ತಿದ್ದರು. ಗಂಟೆಯ ಸದ್ದು, ಹಿತ್ತಾಳೆ ತಟ್ಟೆಯನ್ನು ಕೆಳಗಿಡುವ ಸದ್ದು, ಆಮೇಲೆ ಬಾಗಿಲು, ಆಮೇಲೆ ರಸ್ತೆಯಲ್ಲಿ ಬಸ್ಸು. ಧಾರವಾಡಕ್ಕೆ ಮರಳಿ ಕಾಲೇಜಿನಲ್ಲಿ ಭೂಗೋಳ ಕಲಿಸಲು ತೊಡಗಿದ ಮೇಲೂ ಬಹಳ ದಿನ, ನಸುಕಿನಲ್ಲಿ ಎಚ್ಚರವಾದರೆ, ನನ್ನ ಕಿವಿ ಅವನ್ನು ಅದೇ ಕ್ರಮದಲ್ಲಿ ಕಾಯುತ್ತಿತ್ತು.

ಆ ಮನೆಯನ್ನು ಬಿಟ್ಟು ಆಂಟಿ ಮಗ ಪ್ರಶಾಂತನ ಜೊತೆ ನಗರದಂಚಿನ ತಕಾನಿನಿಯ ಹೊಸ ಬಡಾವಣೆಗೆ ಹೋಗುವುದು ನಿಶ್ಚಯವಾದಾಗ ಫೋನ್ ಮಾಡಿದರು. "ಮನಿ ನೋಡೂದಿದ್ರ ಈಗ ಬಾರವಾ ಗಿರಿಜಾ. ಆಮ್ಯಾಲ ಬಂದ್ರ ನಿನ್ನ ಖೋಲ್ಯಾಗ ಬ್ಯಾರೆ ಯಾರರೆ ಮಲಗಿರತಾರ." ಕೂಡಿಟ್ಟ ರಜೆಯನ್ನೆಲ್ಲ ತೆಗೆದುಕೊಂಡು ಹೊರಟೆ. ಅಲ್ಲಿಗೆ ಹೋದ ಮೇಲೆ ದಕ್ಷಿಣ ದ್ವೀಪದ ಕ್ಲುಥಾ ನದಿಯ ದಂಡೆಯಲ್ಲಿ ಕೆಲವು ದಿನ ನಡೆಯಬೇಕೆಂಬುದೂ ಮನಸ್ಸಿನಲ್ಲಿತ್ತು. ವಿದ್ಯಾರ್ಥಿಯಾಗಿದ್ದಾಗ ತರಗತಿಯವರೆಲ್ಲ ನಕಾಶೆ ಹಿಡಿದು ನಡೆದ ದಾರಿ ಅದು. ಜೊತೆಗಿದ್ದವರು ಈಗ ಪರ್ತ್, ಟೊರಾಂಟೊ, ಇನ್ನೆಲ್ಲೋ. ದಾರಿ ಮಾತ್ರ ಇದ್ದಲ್ಲೇ ಇರುತ್ತದೆಂದು ನನ್ನ ಲೆಕ್ಕ.

ಮನೆಯೊಳಗೆ ಕಾಲಿಟ್ಟರೆ ಎಲ್ಲೆಲ್ಲೂ ರಟ್ಟಿನ ಪೆಟ್ಟಿಗೆಗಳು. ಜಗಲಿಯ ಗೋಡೆ ಬೋಳಾಗಿತ್ತು, ಮೊಳೆಗಳ ತೂತುಗಳಷ್ಟೇ ಉಳಿದಿದ್ದವು. ಗರಾಜಿನಲ್ಲಿ, ಬಟ್ಟೆ ಒಗೆಯುವ ಯಂತ್ರದ ಮೇಲೆ, ಗುಳೇದಗುಡ್ಡದ ರವಿಕೆ ಖಣದ ತುಂಡಿನಲ್ಲಿ ಸುತ್ತಿದ ಒಂದು ಗಂಟು.

"ಜಗಲಿ ಇಳಸೂಮುಂದ ಕೈ ಜಾರಿತವಾ" ಎಂದರು ಆಂಟಿ.

ಅದು ಅವರ ತಾಯಿ ಕೊಟ್ಟ ಬಸವಣ್ಣ. ಮುಷ್ಟಿಗಾತ್ರದ ಕರಿಕಲ್ಲಿನ ನಂದಿ, ಕುತ್ತಿಗೆಯಲ್ಲಿ ಮುರಿದು ರುಂಡ ಬೇರೆ, ಮುಂಡ ಬೇರೆ ಆಗಿತ್ತು. ಭಿನ್ನವಾದ ದೇವರನ್ನು ಪೂಜಿಸುವ ಹಾಗಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಕಸಕ್ಕಂತೂ ಹಾಕುವ ಹಾಗೇ ಇಲ್ಲ. ಹರಿಯುವ ನೀರಿಗೆ ಬಿಡಬೇಕು. ಹೊಸ ಮನೆಯ ಗೃಹಪ್ರವೇಶಕ್ಕೆ ಮೊದಲು ಆ ಕೆಲಸ ಮುಗಿಯಬೇಕೆಂದು ಆಂಟಿ ಪಟ್ಟು ಹಿಡಿದಿದ್ದರು.

"ಹತ್ತು ನಿಮಿಷದ ಡ್ರೈವ್‌ನ್ಯಾಗ ಸಮುದ್ರ ಐತಿ, ಬಿಟ್ಟು ಬರೂಣು ಅಂದ್ರ ಕೇಳವಲ್ಲಳು" ಎಂದು ಪ್ರಶಾಂತ ನನ್ನಲ್ಲಿ ದೂರಿದ.

"ಅದೇನು ಹರಿಯೂ ನೀರೇನೋ? ಮುಂಜಾನಿ ಹೋಗ್ತೈತಿ, ಸಂಜಿಕ ತಿರುಗಿ ಬರ್ತೈತಿ. ಬಿಟ್ಟ ದೇವರು ದಂಡಿಗೆ ಬಂದು ಕುಂತ್ರ ಯಾರಿಗೆ ಹೇಳ್ತಿ? ನಿಮ್ಮ ಕೌನ್ಸಿಲ್‌ನವರಿಗೇನು?" ಆಂಟಿ ನನ್ನ ಕಡೆ ತಿರುಗಿದರು. "ನೀ ಹೋಗೂ ಹೊಳಿ ಹರೀತೈತಿ ಇಲ್ಲೋ?"

"ಹರೀತದ್ರಿ ಆಂಟಿ. ಈ ದೇಶದಾಗ ಎಲ್ಲಾಕ್ಕಿಂತ ಹೆಚ್ಚು ನೀರು ಅದರಾಗ."

"ಹಂಗಾರ ನಾನೂ ಬರ್ತೀನಿ."

ಅಷ್ಟು ವರ್ಷ ನ್ಯೂಜಿಲೆಂಡಿನಲ್ಲಿದ್ದೂ ಅವರು ದಕ್ಷಿಣ ದ್ವೀಪ ನೋಡಿರಲಿಲ್ಲ. ನನಗೆ ಒಬ್ಬಳೇ ನಡೆಯುವುದು ಅಭ್ಯಾಸ. ಆದರೂ ಬೇಡವೆನ್ನಲಾಗಲಿಲ್ಲ.

ರಾಕ್ಸ್‌ಬರ್ಗ್

ಡನೀಡನ್‌ನಿಂದ ಬಂದ ವ್ಯಾನು ನಮ್ಮನ್ನು ಇಳಿಸಿದ್ದು ಒಂದೇ ಬೀದಿಯ ಊರಿನಲ್ಲಿ. ಚಿನ್ನ ಹುಡುಕಿ ಬಂದವರು ಕಟ್ಟಿದ ಊರು ಇದು. ಚಿನ್ನ ಮುಗಿದ ಮೇಲೆ ಉಳಿದವರು ಹಣ್ಣಿನ ಗಿಡ ನೆಟ್ಟರು. ಕಲ್ಲಿನ ಗೋಡೆಯ ಹಳೆ ಅಂಗಡಿಗಳಲ್ಲಿ ಈಗ ಕಾಫಿ, ಸೈಕಲ್ಲು, ಉಣ್ಣೆಯ ಟೋಪಿ. ನಾವು ಓದುವಾಗ ಚಹಾ ಕುಡಿದಿದ್ದ ಅಂಗಡಿಯನ್ನು ಹುಡುಕಿದೆ. ಅದರ ಬಾಗಿಲು ಸಿಕ್ಕಿತು, ಅಂಗಡಿ ಇರಲಿಲ್ಲ. ಒಳಗೆ ಯಾರದೋ ಮನೆ, ಕಿಟಕಿಯಲ್ಲಿ ಒಂದು ಬೆಕ್ಕು. ತುಸು ಹೊತ್ತು ನಿಂತು ನೋಡಿ ಬಂದೆ; ಏನು ನೋಡಿದೆನೆಂದು ಆಂಟಿ ಕೇಳಿದರೆ "ಬೆಕ್ಕು" ಅಂದೆ.

ಆಂಟಿಗೆ ಬೆರಗಾದದ್ದು ಊರಲ್ಲ, ಗುಡ್ಡಗಳು. ಆಕ್ಲೆಂಡಿನ ಹಸಿರಿನಿಂದ ಬಂದವರಿಗೆ ಇಲ್ಲಿಯ ಒಣ ಕಂದು ಗುಡ್ಡ, ಅದರ ನೆತ್ತಿಯಲ್ಲಿ ಒಂದರ ಮೇಲೊಂದು ಕುಳಿತ ಬಂಡೆಗಳು ಬೇರೆಯೇ ದೇಶದಂತೆ ಕಾಣುತ್ತವೆ.

"ಯವ್ವಾ, ಇದು ನಮ್ಮ ಬಾದಾಮಿ ಗುಡ್ಡ ಅಲ್ಲೇನು! ಮಂಗ್ಯಾ ಒಂದು ಇಲ್ಲ ನೋಡು."

ಬಣ್ಣ ಬೇರೆ, ಬಾದಾಮಿಯ ಕಲ್ಲು ಕೆಂಪು. ಹೇಳಲು ಹೊರಟವಳು ಬಾಯಿ ಮುಚ್ಚಿಕೊಂಡೆ. ದಾರಿಯ ಪಕ್ಕ ನೆಲ ಹಿಡಿದು ಬೆಳೆದ ಪುಟ್ಟ ನೇರಳೆ ಹೂವಿನ ಗಿಡವನ್ನು ಆಂಟಿ ಕಿತ್ತು ಅಂಗೈಯಲ್ಲಿ ತಿಕ್ಕಿ ಮೂಸಿದರು. "ಅಜಿವಾನ!" ಅದು ಕಾಡು ಥೈಮ್. ಆದರೆ ವಾಸನೆ ಓಮಕಾಳಿನದೇ. ಅವರ ತಾಯಿ ಬಾಣಂತಿಯರಿಗೆ ಅದರ ಹೊಗೆ ಹಾಕುತ್ತಿದ್ದರಂತೆ. ಅಂದಿನ ದಾರಿಯುದ್ದಕ್ಕೂ ಆ ಎಲೆ ಅವರ ಮುಷ್ಟಿಯಲ್ಲೇ ಇತ್ತು.

ನಡಿಗೆಗೆ ಅವರು ಹಾಕಿದ್ದು ಆಸ್ಪತ್ರೆಯ ಬಿಳಿ ಬೂಟು. ಬೆನ್ನಿನ ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬಸವಣ್ಣ. ಈ ದಾರಿಯಲ್ಲಿ ಸೈಕಲ್ಲಿನವರೇ ಹೆಚ್ಚು. ಹಿಂದಿನಿಂದ ಗಂಟೆ ಬಾರಿಸಿ, ಪಕ್ಕಕ್ಕೆ ಬಂದಾಗ "ಮಾರ್ನಿಂಗ್" ಅನ್ನುತ್ತಾರೆ. ಮಧ್ಯಾಹ್ನವಾದರೂ ಒಬ್ಬ ಮುದುಕ ಹಾಗೆಯೇ ಅಂದ. ಆಂಟಿ ಪ್ರತಿ ಗಂಟೆಗೂ ನಿಂತು ಕೈಯೆತ್ತಿ "ನಮಸ್ಕಾರ್ರೀ" ಎನ್ನುತ್ತಿದ್ದರು. ಇಬ್ಬರು ಸೈಕಲ್ಲು ನಿಲ್ಲಿಸಿ ಮಾತಾಡಿದರು. ಒಬ್ಬಾಕೆಗೆ ರೊಟ್ಟಿಯ ರುಚಿಯೂ ಸಿಕ್ಕಿತು. ಚೀಲದಲ್ಲಿ ಅದು ಅಷ್ಟರಲ್ಲಾಗಲೇ ಪುಡಿಯಾಗಿ, ಆಕೆ ಅದನ್ನು ಚಿಪ್ಸಿನಂತೆ ಒಂದೊಂದೇ ಚೂರು ಹೆಕ್ಕಿ ತಿಂದಳು.

ವಿಲೋ ಮರಗಳ ಕೆಳಗೆ

ಕ್ಲುಥಾ ಸದ್ದು ಮಾಡದೆ ಹರಿಯುವ ನದಿ. ನೀರಿನ ಬಣ್ಣ ಹಸಿರು ಗಾಜಿನದು. ಮೇಲೆ ಸುಮ್ಮನಿರುವಂತೆ ಕಂಡರೂ ಒಂದು ಕಡ್ಡಿ ಬಿದ್ದರೆ ಕಣ್ಣು ಹಿಂಬಾಲಿಸುವುದರೊಳಗೆ ಇಲ್ಲವಾಗುತ್ತದೆ. ವಿಲೋ ಮರಗಳು ನೀರಿಗೆ ಬಾಗಿದ್ದ ಒಂದು ತಿರುವಿನಲ್ಲಿ ಆಂಟಿ ನಿಂತು, ಚೀಲ ಇಳಿಸಿ, ಗಂಟು ಹೊರತೆಗೆದರು.

ಅಲ್ಲಿ ಒಬ್ಬ ಮಾವೊರಿ ಹೆಂಗಸು, ಈ ದೇಶದ ಮೂಲನಿವಾಸಿ, ಕುಳಿತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ನಾನು ಅವರು ಎದ್ದು ಹೋಗಲಿ ಎಂದು ಕಾದೆ. ಆಂಟಿ ಕಾಯಲಿಲ್ಲ. ಆಸ್ಪತ್ರೆಯಲ್ಲಿ ಅವರಿಗೆ ಮಾವೊರಿ ರೋಗಿಗಳ ಪದ್ಧತಿಗಳನ್ನು ಕಲಿಸಿದ್ದರು. ತಲೆದಿಂಬಿನ ಮೇಲೆ ಕೂರಬಾರದು, ಊಟ ಇಡುವ ಮೇಜಿನ ಮೇಲೆ ಕೂರಬಾರದು, ಮೈ ತೊಳೆಯುವುದಕ್ಕೂ ಊಟಕ್ಕೂ ಒಂದೇ ಪಾತ್ರೆ ಕೂಡದು. "ಇದೆಲ್ಲ ನಮ್ಮವ್ವ ಹೇಳಿದ್ದ ಐತಿ, ಹೊಸಾದೇನು?" ಎಂದು ಅವರು ಆಗಲೇ ಆ ಜನರನ್ನು ತಮ್ಮ ಕಡೆಯವರ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು. ನೀರಿಗೆ ಏನನ್ನಾದರೂ ಬಿಡುವುದಿದ್ದರೆ ಕೇಳಿಯೇ ಬಿಡಬೇಕೆಂಬುದು ಅವರ ನಿಲುವು. ಹೋಗಿ ಖಣ ಬಿಚ್ಚಿ ತೋರಿಸಿ, ತಮ್ಮ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದರು.

ಆಕೆ ಕೈ ಒರೆಸಿಕೊಂಡು ಎರಡೂ ತುಂಡುಗಳನ್ನು ನೋಡಿದರು, ಮುಟ್ಟಲಿಲ್ಲ.

"ನೀವು ಕೇಳಿದ್ದು ಒಳ್ಳೇದಾಯ್ತು. ಆದ್ರೆ ನಾನು ಈ ಕಡೆಯವಳಲ್ಲ. ನಮ್ಮೋರು ಉತ್ತರದ ತುದಿಯವರು. ನಾನೂ ನಿಮ್ಮ ಹಾಗೆ ಸುತ್ತೋಕೆ ಬಂದೋಳು. ಈ ನದಿಗೆ ನಾನು ಹೂಂ ಅನ್ನೋಕಾಗಲ್ಲ."

"ನಿಮ್ಮ ಊರಿನ ನದಿ ಆಗಿದ್ದರೆ?" ಎಂದು ಆಂಟಿ ಕೇಳಿದರು.

"ನಮ್ಮಜ್ಜಿ ಖಡಾಖಂಡಿತ ಬೇಡ ಅಂತಿದ್ಲು" ಎಂದು ಆಕೆ ನಕ್ಕರು. "ನದಿ ಅವಳಿಗೆ ಹಿರಿಯರ ಸಮ. ಬೇರೆಯವರ ಅಜ್ಜಿಯ ತೊಡೆಮೇಲೆ ನಮ್ಮ ಸಾಮಾನು ಇಟ್ಟು ಹೋಗ್ತೀವಾ?"

ಆಂಟಿ ಖಣವನ್ನು ಮತ್ತೆ ಸುತ್ತಿದರು. ದಾರಿಗೆ ಮರಳಿದ ಮೇಲೆ, "ಆಕಿ ಹೇಳಿದ್ದು ಬರೋಬ್ಬರಿ ಐತಿ. ಬೀಗರ ಮನ್ಯಾಗ ಕುಂತು ಮತ್ತೊಬ್ಬರಿಗೆ ಊಟಕ್ಕ ಬರ್ರಿ ಅನ್ನಾಕ ಬರಾಂಗಿಲ್ಲ" ಎಂದರು. ನದಿ ನಮ್ಮ ಜೊತೆಗೇ ಬರುತ್ತಿತ್ತು. ಬಿಡುವ ಜಾಗ ಬೇಕೆಂದು ಅಷ್ಟು ದೂರ ಬಂದವರಿಗೆ ಅಷ್ಟೊಂದು ನೀರು ನೋಡಿಕೊಂಡು ಸುಮ್ಮನೆ ನಡೆಯುವುದು ಕಷ್ಟವೆಂದು ನನಗೆ ತಿಳಿಯುತ್ತಿತ್ತು. ಚೀಲ ನಾನು ಹೊರುತ್ತೇನೆಂದೆ. ಕೊಡಲಿಲ್ಲ.

ಮಿಲ್ಲರ್ಸ್ ಫ್ಲಾಟ್

ಸಂಜೆ ತಂಗಿದ್ದು ಮಿಲ್ಲರ್ಸ್ ಫ್ಲಾಟ್ ಎಂಬ ಸಣ್ಣ ಊರಿನ ಹೊರಗೆ, ಏಪ್ರಿಕಾಟ್ ತೋಟದಲ್ಲಿ. ಹಣ್ಣು ಕೀಳುವವರಿಗಾಗಿ ಕಟ್ಟಿದ ಕೋಣೆಗಳಲ್ಲಿ ಒಂದನ್ನು ತೋಟದ ಒಡೆಯ ರಾಸ್ ನಡೆದುಬರುವವರಿಗೆ ಕೊಡುತ್ತಾರೆ. ಎಪ್ಪತ್ತರ ಆಸುಪಾಸಿನ, ಗಂಟು ಗಂಟಾದ ದೊಡ್ಡ ಕೈಗಳ ಮನುಷ್ಯ. ಹಾಲಿನ ಸೀಸೆ ತಂದುಕೊಟ್ಟು, ನಲ್ಲಿ ಹೇಗೆ ತಿರುಗಿಸಬೇಕೆಂದು ತೋರಿಸಿ, ಬಾಗಿಲ ಬಳಿ ನಿಂತು ಹವೆಯ ಬಗ್ಗೆ ಎರಡು ಮಾತಾಡಿದರು. ಆ ನಲ್ಲಿ, ಬಾಗಿಲ ಚಿಲಕ, ಆರಾಮ ಕುರ್ಚಿಯ ಕಾಲು, ಪಿಕಪ್ ಗಾಡಿಯ ಹಿಂಬಾಗಿಲು, ಯಾವುದೂ ಅಂಗಡಿಯಿಂದ ಬಂದಂತೆ ಉಳಿದಿರಲಿಲ್ಲ. ಎಲ್ಲಕ್ಕೂ ತಂತಿ, ತಗಡು, ಸ್ಕ್ರೂ. ಈ ದೇಶದವರಿಗೆ ಮುರಿದದ್ದು ಎಂದರೆ ಇನ್ನೂ ಸರಿ ಮಾಡದೆ ಬಿಟ್ಟದ್ದು ಎಂದಷ್ಟೇ ಅರ್ಥ. ನಾನು ಇಲ್ಲಿ ಓದುವಾಗ ನನ್ನ ಕೊಡೆಯನ್ನು ಮೂರನೆಯ ಸಲ ರಿಪೇರಿ ಮಾಡಿಕೊಟ್ಟ ಪಕ್ಕದ ಮನೆಯವರು ನೆನಪಾದರು.

ಚಹಾ ಕುಡಿಯುತ್ತ ಆಂಟಿ ಬಸವಣ್ಣನನ್ನು ತೋರಿಸಿದರು. ತಾಯಿ ಕೊಟ್ಟದ್ದು, ಮುರಿಯಿತು, ಸರಿಯಾದ ಜಾಗ ಹುಡುಕುತ್ತಿದ್ದೇವೆ ಎಂದರು. ರಾಸ್ ರುಂಡವನ್ನು ಸಂಜೆಯ ಬೆಳಕಿಗೆ ಹಿಡಿದು ಮುರಿದ ಮುಖವನ್ನು ಹೆಬ್ಬೆರಳಿನಿಂದ ಸವರಿದರು. "ಚೆನ್ನಾಗಿ ಮುರಿದಿದೆ" ಎಂದರು. ಅದೇನು ಮೆಚ್ಚುಗೆಯೋ ನನಗೆ ಅರ್ಥವಾಗಲಿಲ್ಲ.

ಭಿನ್ನ ದೇವರು ಮಲಗುವ ಕೋಣೆಯಲ್ಲಿ ಕೂಡದೆಂದು ಆಂಟಿ ಗಂಟನ್ನು ಹೊರಗಿನ ಬೆಂಚಿನ ಮೇಲಿಟ್ಟು ಬಾಗಿಲು ಹಾಕಿಕೊಂಡರು. ಗುಳೇದಗುಡ್ಡದಲ್ಲಾದರೆ ಹೊರಗಿಟ್ಟ ಅಂಥ ಗಂಟನ್ನು ಯಾರೂ ಮುಟ್ಟುವುದಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದ ಆಂಟಿ ಕೂಗಿದ್ದು ಕೇಳಿ ಹೊರಗೋಡಿದೆ. ಬೆಂಚಿನ ಮೇಲೆ ಖಣ ನೀಟಾಗಿ ಮಡಿಚಿಟ್ಟಿತ್ತು. ಅದರ ಮೇಲೆ ಬಸವಣ್ಣ ಇಡಿಯಾಗಿ, ಕತ್ತೆತ್ತಿ ಕುಳಿತಿದ್ದ.

ಶೆಡ್ಡಿನಿಂದ ರಾಸ್ ಬಂದರು. ಅಂಟಿಗೆ ಕಪ್ಪು ಕಲ್ಲಿನ ಪುಡಿ ಕಲಸಿದರೆ ಗೆರೆ ಕಾಣುವುದಿಲ್ಲ, ಬಿಗಿಯಾಗಿ ಕಟ್ಟಿಟ್ಟಿದ್ದೆ, ಇನ್ನು ಕಳಚುವುದಿಲ್ಲ ಎಂದರು. ಅವರ ಹೆಬ್ಬೆರಳಿಗೆ ಇನ್ನೂ ಕಪ್ಪು ಮೆತ್ತಿತ್ತು. ಆಂಟಿಯ ಮುಖ ನೋಡಿ, "ತಲೆ ಒಂಚೂರು ಎಡಕ್ಕೆ ವಾಲಿದೆ, ಅಲ್ವಾ?" ಎಂದು ಅವರೇ ಸಂಕೋಚಪಟ್ಟರು.

"ಇಲ್ಲ, ಇಲ್ಲ. ಮೊದಲಿಂದಲೂ ಹಾಗೇ ಇತ್ತು" ಎಂದರು ಆಂಟಿ ಇಂಗ್ಲಿಷಿನಲ್ಲಿ. "ಥ್ಯಾಂಕ್ ಯೂ. ಥ್ಯಾಂಕ್ ಯೂ, ರಾಸ್."

ರಾಸ್ ಅತ್ತ ಹೋದದ್ದೇ ಆಂಟಿ ನನ್ನ ಕೈ ಹಿಡಿದುಕೊಂಡರು. "ಏನ್ ಮಾಡಿಟ್ಟಾನ ನೋಡವಾ! ಈಗ ಇಂವನ್ನ ಏನಂತ ತಿಳೀಲಿ? ಪೂಜಿಗೆ ಬರಾಂಗಿಲ್ಲ. ಇಷ್ಟು ಚಂದ ಕುಂತಾನ, ನೀರಿಗೆ ಹೆಂಗ ನೂಕಲಿ?"

ಪೂಜೆ ಮಾಡುವವಳಲ್ಲ ನಾನು. ಆದರೂ ಆ ವಾಲಿದ ತಲೆಯನ್ನು ನೋಡಿದಾಗ ಗೋಡೆಯಾಚೆಯ ಆ ಬೆಳಗುಗಳೆಲ್ಲ ಒಮ್ಮೆಲೇ ಬಂದು ಎದುರಿಗೆ ನಿಂತಂತಾಯಿತು. ನೀರಿಗೆ ಬಿಡಬೇಡಿ ಎಂಬ ಮಾತು ನಾಲಿಗೆಯವರೆಗೆ ಬಂದು ಅಲ್ಲೇ ಉಳಿಯಿತು. ಬಸವಣ್ಣ ನನ್ನವನಲ್ಲ.

ಆಂಟಿ ಗುಳೇದಗುಡ್ಡಕ್ಕೆ, ಅಕ್ಕ ಪಾರವ್ವನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಅಲ್ಲಿ ಆಗಿನ್ನೂ ನಡುರಾತ್ರಿ ದಾಟಿರಲಿಲ್ಲ.

"ಅಂಟು ಹಚ್ಚ್ಯಾನಾ? ಯಾರು?"

"ತೋಟದ ಮಾಲಕ. ನಾ ಹೇಳಿಲ್ಲಕ್ಕಾ, ತಾನ ಮಾಡ್ಯಾನ."

"ನೀ ಹೊರಗ ಯಾಕ ಇಟ್ಟಿ?"

"ಮಲಗೂ ಖೋಲ್ಯಾಗ ಇಟ್ಕೊಂಡ್ರ ನೀನ ಬಯ್ಯತಿದ್ದಿ."

"ಜೋಡಿಸಿದ್ರೂ ಭಿನ್ನ ಭಿನ್ನನ, ಶಾಂತಾ. ಹೊಳಿಗೆ ಬಿಡು. ಹೊಳಿ ಆಗದಿದ್ರ ಊರ ಹೊರಗ ಗಿಡದ ಬುಡಕ ಇಟ್ಟು ಬಾ. ಮನಿಗೆ ಮಾತ್ರ ಒಯ್ಯಬ್ಯಾಡ. ಹೊಸಾ ಮನಿ." ಮತ್ತೆ ಕೇಳಿದರು: "ಹೆಂಗ ಕಾಣ್ತಾನ?"

"ಅವ್ವನ ಜಗಲಿ ಮ್ಯಾಲ ಇದ್ದಂಗ."

ಪಾರವ್ವ ಫೋನ್ ಇಟ್ಟರು.

ಹಾರ್ಸ್‌ಶೂ ಬೆಂಡ್

ಅಂದು ಮುಂದಿನ ಊರು ಬ್ಯೂಮಾಂಟ್ ಮುಟ್ಟಬೇಕು, ಮರುದಿನ ಲಾರೆನ್ಸ್. ದಾರಿಯನ್ನು ತುದಿಯವರೆಗೂ ಮುಗಿಸುವುದು ನನ್ನ ಆಸೆ. ಬಸವಣ್ಣನನ್ನು ಚೀಲಕ್ಕೆ ಹಾಕಿಕೊಂಡೇ ಹೊರಟೆವು. ಊರಿನ ಸೇತುವೆಯ ಬಳಿ ಆಂಟಿ ಚೀಲಕ್ಕೆ ಕೈ ಹಾಕಿ ನಿಂತರು, ನೀರು ನೋಡಿದರು, ಕೈ ಹೊರತೆಗೆದರು. ದಂಡೆಯಲ್ಲಿ ಹಳೆಯ ಪಾಪ್ಲರ್ ಮರಗಳಿದ್ದವು. ಅವುಗಳ ಬುಡಕ್ಕೂ ಹೋಗಿ ನೋಡಿ ಬಂದರು. "ಇಲ್ಲಿ ನಾಯಿ ಬರ್ತಾವ" ಎಂದರು. ಇನ್ನೊಂದು ಮರಕ್ಕೆ "ಬಿಸಿಲು ಬಡೀತೈತಿ." ಮೂರನೆಯದಕ್ಕೆ ಕಾರಣವನ್ನೇ ಹೇಳಲಿಲ್ಲ.

ಹಾರ್ಸ್‌ಶೂ ಬೆಂಡ್ ಎಂಬ ತಿರುವಿನ ಬಳಿ ಬಯಲಿನಲ್ಲಿ ಎರಡೇ ಸಮಾಧಿಗಳಿವೆ. ಒಂದು ನದಿಯ ದಂಡೆಯಲ್ಲಿ ಸಿಕ್ಕ, ಗುರುತಿಲ್ಲದ ಒಬ್ಬ ತರುಣನದು. ಪಕ್ಕದ್ದು, ಆ ಗುರುತಿಲ್ಲದವನಿಗೆ ಗುರುತಿನ ಹಲಗೆ ನೆಟ್ಟವನದು. ತನ್ನನ್ನೂ ಅವನ ಪಕ್ಕದಲ್ಲೇ ಮಣ್ಣು ಮಾಡಿ ಎಂದು ಹೇಳಿಕೊಂಡಿದ್ದನಂತೆ. ವಿದ್ಯಾರ್ಥಿಗಳಾಗಿ ಬಂದಾಗ ನಾವು ಇಲ್ಲಿ ಫೋಟೊ ತೆಗೆಸಿಕೊಂಡು ಓಡಿದ್ದೆವು. ಆ ಫೋಟೊದಲ್ಲಿ ನಾನು ಕಣ್ಣು ಮುಚ್ಚಿದ್ದೇನೆ. ಈ ಸಲ ಕಥೆಯನ್ನು ಆಂಟಿಗೆ ನಿಧಾನವಾಗಿ ಹೇಳಿದೆ.

"ಹಲಿಗಿ ನೆಟ್ಟಾಂವಗ ಹೆಂಡತಿ ಇದ್ದಳೇನು?" ಎಂದು ಮೊದಲು ಕೇಳಿದರು.

"ಗೊತ್ತಿಲ್ರಿ."

"ಇದ್ದಿದ್ರ ಆಕಿ ಏನಂದಳೋ ಏನೋ." ಬೇಲಿಯ ಕಂಬ ಹಿಡಿದು ಒಂದಷ್ಟು ಹೊತ್ತು ನಿಂತರು. ಆಮೇಲೆ, "ಗಿರಿಜಾ, ತಿರುಗಿ ಹೋಗೂಣೇನು?" ಎಂದರು.

"ಎಲ್ಲಿಗೆ?"

"ಅದ ತೋಟಕ್ಕ. ಅಲ್ಲಿ ಗಿಡಾ ಬೇಕಾದಷ್ಟು ಅದಾವ. ಊರ ಹೊರಗೂ ಐತಿ. ಪಾರಕ್ಕ ಹೇಳಿದ್ದೂ ಆತು." ಅಷ್ಟು ಹೇಳಿ ಬೇರೆ ಕಡೆ ನೋಡಿದರು. "ಅವ್ವ ಕೊಟ್ಟದ್ದನ್ನ ಯಾವುದರೆ ಗಿಡದ ಕೆಳಗ ಅನಾಥ ಮಾಡಿ ಬಿಟ್ಟು ಬರಾಕ ನನಗ ಮನಸ್ಸಿಲ್ಲವಾ. ಆ ರಾಸಗ ಒಪ್ಪಸ್ತೀನಿ. ಕೈಯಾಗ ಹಿಡದಾನ, ಗುರುತು ಐತಿ."

ಮುಂದೆ ನದಿ ಕಣಿವೆಗಿಳಿದು ಕಿರಿದಾಗುತ್ತದೆ. ಆ ಭಾಗವನ್ನು ಮತ್ತೊಮ್ಮೆ ನೋಡಬೇಕೆಂದೇ ನಾನು ಧಾರವಾಡದಿಂದ ಬಂದಿದ್ದೆ. ತಿರುವಿನಾಚೆ ಕಾಣುವಷ್ಟನ್ನು ಕಂಡು, ನಕಾಶೆ ಮಡಿಚಿದೆ.

ಮತ್ತೆ ತೋಟ

ಒಂದಿಷ್ಟು ನಡೆದು, ಉಳಿದ ದಾರಿಗೆ ವ್ಯಾನು ಹಿಡಿದು, ಮಧ್ಯಾಹ್ನ ತೋಟ ಮುಟ್ಟಿದೆವು. ರಾಸ್ ಏಣಿಯಿಂದ ಇಳಿದು ಬಂದರು.

"ಕಳಚಿತಾ?" ಎಂದರು ಗಾಬರಿಯಿಂದ.

"ಇಲ್ಲ. ಗಟ್ಟಿಯಾಗಿದೆ." ಆಂಟಿ ಮಾತಿಗೆ ತಡವರಿಸಿದರು. ನನ್ನ ಕಡೆ ನೋಡಿದರು. ನಾನು ಹೇಳಿದೆ: ಒಮ್ಮೆ ಮುರಿದದ್ದನ್ನು ಇವರು ಮನೆಗೆ ಒಯ್ಯುವ ಹಾಗಿಲ್ಲ, ಅದು ಪದ್ಧತಿ, ನಿಮ್ಮ ಕೆಲಸದಲ್ಲಿ ಕೊರತೆಯೇನೂ ಇಲ್ಲ, ನಿಮ್ಮ ತೋಟದಲ್ಲಿ ಒಂದು ಮರದ ಬುಡದಲ್ಲಿ ಇರಿಸಬಹುದೇ?

ರಾಸ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಅಂದ್ರೆ ನಾನು ಸರಿ ಮಾಡಿದ್ದು ತಪ್ಪಾಯ್ತು."

"ಅಲ್ಲ" ಎಂದರು ಆಂಟಿ. "ಸರಿ ಮಾಡದಿದ್ದರೆ ನದಿಗೆ ಹೋಗುತ್ತಿದ್ದ."

ರಾಸ್ ಟೋಪಿಯನ್ನು ಮತ್ತೆ ತಲೆಗಿಟ್ಟು ನಮ್ಮ ಮುಂದೆ ನಡೆದರು. ತೋಟದ ಅಂಚಿನಲ್ಲಿ, ನದಿಯ ಕಡೆಗೆ, ಅವರ ಅಪ್ಪ ನೆಟ್ಟ ಒಂದು ಮುದಿ ಏಪ್ರಿಕಾಟ್ ಮರ. ಈಗ ಫಸಲು ಕಡಿಮೆ, ಆದರೂ ಕಡಿದಿಲ್ಲವಂತೆ. ಬುಡದ ಹುಲ್ಲು ಕೆದರಿ ಚಪ್ಪಟೆ ಕಲ್ಲೊಂದನ್ನು ಕೂರಿಸಿದರು. ಆಂಟಿ ಬಸವಣ್ಣನನ್ನು ಇಟ್ಟರು. ಮುಖ ಎತ್ತ ಇರಬೇಕೆಂದು ಮೂರು ಸಲ ತಿರುಗಿಸಿದರು. ಕೊನೆಗೆ ನೀರು ಕಾಣುವಂತೆ ಬಿಟ್ಟರು. ಖಣವನ್ನು ಚೀಲಕ್ಕೆ ಹಾಕಿಕೊಂಡರು. ಕೈ ಮುಗಿಯಲು ಎತ್ತಿದ ಕೈಗಳು ಅರ್ಧಕ್ಕೇ ನಿಂತವು, ಮುಗಿಯಬಾರದು ಎಂಬುದು ನೆನಪಾದಂತೆ. ಎರಡು ಕೈಗಳನ್ನೂ ಏನು ಮಾಡಬೇಕೆಂದು ತಿಳಿಯದೆ ಸೆರಗು ಹುಡುಕಿದರು. ಅಂದು ಉಟ್ಟದ್ದು ಸೀರೆಯಲ್ಲ.

"ಶಾಂತಾ" ಎಂದರು ರಾಸ್. "ಇವನಿಗೆ ಏನಾದ್ರೂ ತಿನ್ನೋಕೆ ಕೊಡಬೇಕಾ?"

ಆಂಟಿ ನಕ್ಕರು. ಆ ಪ್ರವಾಸದಲ್ಲಿ ಅವರು ಹಾಗೆ ನಕ್ಕದ್ದು ಅದೇ ಮೊದಲು. ಭಿನ್ನ ದೇವರಿಗೆ ನೈವೇದ್ಯವಿಲ್ಲ ಎಂದು ಅವರೇ ನನಗೆ ಹೇಳಿದ್ದರು. ನಾನು ಅವರ ಬಾಯಿಯನ್ನೇ ನೋಡಿದೆ.

"ಹಣ್ಣು" ಎಂದರು. "ಇದ್ದಾಗ ಸಾಕು."

ರಾಸ್ ಕೈಯೆತ್ತಿ ಕೊಂಬೆಯಿಂದ ಒಂದು ಹಣ್ಣು ಕಿತ್ತು ಕಲ್ಲಿನತ್ತ ಬಾಗಿದರು.

"ಅಯ್ಯ, ಹಂಗಲ್ಲ!" ಗಾಬರಿಯಲ್ಲಿ ಕನ್ನಡವೇ ಬಂತು. "ತೊಳದು ಇಡಬೇಕು." ಮತ್ತೆ ಇಂಗ್ಲಿಷಿನಲ್ಲಿ, "ವಾಶ್. ಫಸ್ಟ್ ವಾಶ್."

"ಸರಿ, ಸರಿ" ಎಂದು ಅವರು ಹಣ್ಣು ಹಿಡಿದು ಶೆಡ್ಡಿನ ನಲ್ಲಿಯತ್ತ ನಡೆದರು.

ಆಂಟಿ ಅವರು ತಿರುಗಿ ಬರುವವರೆಗೆ ನಿಲ್ಲಲಿಲ್ಲ. ಚೀಲ ಎತ್ತಿ ನನ್ನ ಕೈಗೆ ಕೊಟ್ಟರು. "ನಡಿಯವಾ" ಎಂದು ಗೇಟಿನ ಕಡೆ ಹೊರಟರು. ನಾವು ರಸ್ತೆ ಮುಟ್ಟುವವರೆಗೂ ಹಿಂದಿನಿಂದ ನಲ್ಲಿ ಸುರಿಯುವ ಸದ್ದು ಕೇಳುತ್ತಲೇ ಇತ್ತು.